ಸೋಮನ ಬೆರಳೊಳಗಿನ ಏಡಿಚಿಪ್ಪು

ಇಡಗುಂಜಿ ಗಣಪನ ಮೇಲಾಣೆ, ಇದು ನಡೆದದ್ದೇ. ಒಂದಕ್ಷರ ಸುಳ್ಳಿದ್ರೆ ನಾಳೆಯಿಂದ ನನ್ ಬಲೆಗೆ ಬರೀ ಪ್ಲಾಸ್ಟಿಕ್ ಬಾಟ್ಲಿ ಬೀಳ್ಲಿ.

ತೆಂಗಿನಗುಂಡಿ ಬಂದರಿನಾಗೆ ದೋಣಿಯ ಸೋಮಂಗೂ ಮೀನು ಮಾರೂ ಸುಚಿತಾಗೂ ಆಗ್ತಿರ್ಲಿಲ್ಲ. ಅವ ಬೈದ್ರೆ ಕಾಗೆ ಹಾರ್ತಿದ್ವು, ಇವಳು ಬೈದ್ರೆ ಆ ಕಾಗೆ ಮುರ್ಡೇಶ್ವರದಾಗೇ ಇಳೀತಿದ್ವು.

ಒಂದಿನ ಸುಚಿತಾ ಮೆಟ್ಟುಗತ್ತಿ ಕಾಲಲ್ಲಿ ಒತ್ತಿ ಹಿಡಿದು ಇಸೋಣ ಮೀನು ಕೊಯ್ಯೂಕೆ ಕೂತಿದ್ಲು. "ಅದು ನನ್ ದೋಣಿ ಮೀನು, ಬಿಡು!" ಅಂತ ಸೋಮ ಬಾಲ ಎಳೆದ. ಇವಳು ತಲೆ ಬಿಡ್ಲಿಲ್ಲ. ಮೀನು ಜಾರ್ತು, ಅವನ ಬಲಗೈ ಕತ್ತಿಗೆ ಹೋತು. ತೋರ್ಬೆರಳಿನ ನರವೇ ತುಂಡು.

ದೊಡ್ಡಾಸ್ಪತ್ರೆ ಡಾಕ್ಟ್ರು ಹೇಳಿದ್ರು: "ಏಡಿಚಿಪ್ಪಿಂದ ಮಾಡಿದ ಸಣ್ಣ ನಳಿಗೆ ಬೆರಳೊಳಗಿಟ್ಟಿದ್ದೇನೆ. ಅದ್ರೊಳಗೆ ನರ ದಿನಕ್ಕೆ ಅಕ್ಕಿಕಾಳಿನ ಅರ್ಧ ದಪ್ಪದಷ್ಟು ಬೆಳೀತದೆ. ಆಮೇಲೆ ನಳಿಗೆ ತಾನೇ ಕರಗ್ತದೆ. ನಾಲ್ಕು ತಿಂಗಳು ತಡ್ಕೊ."

ಬೆರಳಿಗೆ ನೂಲೇ ಗೊತ್ತಾಗ್ದಿದ್ರೆ ಬಲೆ ಹೆಣೆಯೂದು ಹ್ಯಾಂಗೆ? ಸೋಮನ ಅಮ್ಮ ಮಾಸ್ತಮ್ಮ ತೀರ್ಪು ಕೊಟ್ಲು: "ಕೊಯ್ದವಳೇ ಬಂದು ಹೆಣೀಲಿ, ಬೆರಳು ಸರಿ ಆಗೂವರೆಗೆ."

ಸುಚಿತಾ ಬಂದ್ಲು, ಮುಖ ಮೂರು ಮೊಳ ಮಾಡ್ಕೊಂಡು.

"ನಿನ್ ಮುಸುಡಿ ನೋಡೂಕೆ ಬಂದದ್ದಲ್ಲ."

"ಹಾಂಗಾರೆ ಆ ಕಡಿಗೆ ತಿರುಗಿ ಕೂರು."

ದಿನಾ ಬಲೆ ಬಿಟ್ಟು ಏಳೂ ಮೊದ್ಲು ಬಂಗಡೆ ಮುಳ್ಳಲ್ಲಿ ಅವನ ಬೆರಳು ಚುಚ್ಚೂಳು.

"ಗೊತ್ತಾತಾ?"

"ಇಲ್ಲ."

"ಕಟ್ಟಿಗೆ ಜನ್ಮ!"

ಮೂರು ತಿಂಗಳು ದಾಟ್ತು. ಒಂದು ಸಂಜಿ ಅವಳು ಬಗ್ಗಿ ನೂಲು ಕಚ್ಚಿ ಹರಿದಾಗ ಜಡೆ ಜಾರಿ ಅವನ ಬೆರಳಿಗೆ ತಾಗ್ತು. ಸೋಮಂಗೆ ಮೈಯೆಲ್ಲ ಝುಂ! ಜಡೆ ತುದಿಯ ಒದ್ದೆ ಗೊತ್ತಾತು, ಎಣ್ಣೆಯ ಜಿಡ್ಡೂ ಗೊತ್ತಾತು. ಬಾಯಿ ತೆಗೆದವ ಹಾಂಗೇ ಮುಚ್ಚಿದ. ಸರಿ ಆತು ಅಂದ್ರೆ ನಾಳೆಯಿಂದ ಇವಳು ಬರೂದೇ ಇಲ್ಲ. ಈ ಬೈಗುಳ ಇಲ್ದೆ ಸಂಜಿ ಕಳೆಯೂದು ಹ್ಯಾಂಗೆ?

"ಗೊತ್ತಾತಾ?" ಮರುದಿನ ಮುಳ್ಳು ಚುಚ್ಚಿದ್ಲು.

"ಇಲ್ಲ." ಹಲ್ಲು ಕಚ್ಚಿದ.

ಹಿಂಗೇ ಎಂಟು ದಿನ. ಒಂಬತ್ತನೇ ದಿನ ಸುಚಿತಾ ಮುಳ್ಳು ತರ್ಲಿಲ್ಲ, ತೆಂಗಿನಕಾಯಷ್ಟು ದೊಡ್ಡ ಜೀವಂತ ಏಡಿ ತಂದ್ಲು. ಅದ್ರ ಕಚ್ಚೂ ಕೊಂಬಿಗೆ ಕಟ್ಟಿದ ದಾರ ಬಿಚ್ಚಿ ಸೀದಾ ಆ ಬೆರಳಿಗೇ ಬಿಟ್ಲು.

ಏಡಿ ಕಚ್ಕೊಂತು. ಸೋಮನ ಕಣ್ಣಿಂದ ನೀರು ಹರೀತು ನೋಡಿ, ಕಟ್ಟಿದ ದೋಣಿ ತೇಲೂವಷ್ಟು!

"ನೋವಾತಾ?"

"ಇಲ್ಲ."

"ಮತ್ತೆ ಕಣ್ಣಾಗೆಂತ?"

"ಮೆಣಸು."

"ಎಷ್ಟು ಸುಳ್ಳು ಹೇಳ್ತೆ ಮಾರಾಯ! ಬಿಸಿ ಚಾ ಲೋಟಕ್ಕೆ ಆ ಬೆರಳು ತಾಗಿದ ಕೂಡ್ಲೆ ನೀ ಕೈ ತೆಗ್ದೆ. ಎಂಟು ದಿನದಿಂದ ನಂಗೆ ಗೊತ್ತು."

ಸೋಮ ಬೆಪ್ಪಾದ. "ಗೊತ್ತಿದ್ದೂ ದಿನಾ ಬಂದದ್ದೆಂತಕ್ಕೆ?"

ಸುಚಿತಾ ಏಡಿ ಕೊಂಬು ಚಟ್ಟಂತ ಮುರಿದ್ಲು. ಬೆರಳನ್ನ ಸೆರಗಲ್ಲಿ ಸುತ್ತಿ ಗಟ್ಟಿ ಹಿಡಿದ್ಲು. ಕಣ್ಣು ಮಾತ್ರ ಬಲೆ ಮೇಲೆ.

"ನಿಜ ನಿನ್ ಬಾಯಿಂದ ಬರ್ಲಿ ಅಂತ ಕಾದೆ. ಬರ್ಲಿಲ್ಲ, ಏಡಿ ತಂದೆ."

"ಹೋಗ್ಬೇಡ ಸುಚಿತಾ."

"ಹೋದ್ರೆ ನಿನ್ನನ್ನ ಬೈಯೂಕೆ ಯಾರಿದ್ದಾರೆ?"

ಒಳಗಿಂದ ಮಾಸ್ತಮ್ಮ ಕೂಗಿದ್ಲು: "ಏಡಿ ಇಲ್ಲಿ ಕೊಡ್ರೋ, ಮಸಾಲೆ ಅರೆದಾತು!"

ಎಂತ, ನಗ್ತ್ರಾ? ನಂಬಿಕೆ ಇಲ್ಲ ಅಂದ್ರೆ ಇಕಾ, ನನ್ ಬುಟ್ಟಿಯಾಗೆ ಏಡಿ ಇದೆ, ಬೆರಳು ಹಾಕಿ. ನಂಬಿಕೆ ಇದ್ರೆ ಬುಟ್ಟಿ ಹೊತ್ಕೊಂಡು ನಿಮ್ಮನಿಗೆ ನಡೀರಿ, ಸಾರು ಕುದಿಯೂದ್ರಾಗೆ ನಾ ಬಂದು ಕೂತಿರ್ತೆ.