ಕಾದು ಕೂತವರ ಕಾರ್ಡು

ನಿದ್ದೆಗೂ ಒಂದು ಮಾನ, ಒಂದು ಮರ್ಯಾದೆ ಇರಬೇಕೆಂಬುದು ಅವಳ ಅಭಿಪ್ರಾಯ. ಎದುರಿನ ಬೆಂಚಿನ ಮೇಲಿದ್ದ ಮನುಷ್ಯನ ನಿದ್ದೆಗೆ ಅವೆರಡೂ ಇರಲಿಲ್ಲ.

ಕತ್ತು ಹಿಂದಕ್ಕೆ ವಾಲಿತ್ತು. ಬಾಯಿ ಅರ್ಧ ತೆರೆದಿತ್ತು. ಮಡಿಲಲ್ಲಿ ಹೆಂಗಸರ ಗುಲಾಬಿ ಕೈಚೀಲ, ಹೆಗಲಿಗೆ ಮನೆಮಂದಿಯ ನೀರಿನ ಬಾಟಲಿಗಳು, ತಲೆಯ ಮೇಲೆ ಒಬ್ಬರ ಟೋಪಿ, ಅದರ ಮೇಲೆ ಇನ್ನೊಬ್ಬರದು. ಎಡಗೈಗೆ ಬಿಗಿದಿದ್ದ ಸ್ಕಾರ್ಫಿನ ಮತ್ತೊಂದು ತುದಿ ಪುಟ್ಟ ಹುಡುಗಿಯೊಬ್ಬಳ ಸೊಂಟದಲ್ಲಿತ್ತು. ಆ ಹುಡುಗಿ ಬೆಂಚನ್ನು ಸುತ್ತಿ ಸುತ್ತಿ, ಆತನನ್ನು ಅದಕ್ಕೇ ಕಟ್ಟಿಹಾಕುವ ಕೆಲಸವನ್ನು ಬಹುಪಾಲು ಮುಗಿಸಿದ್ದಳು.

“ನೋಡೋ ಗುಂಡಣ್ಣ,” ಎಂದಳು ಅವಳು, ತಳ್ಳುಗಾಡಿಯಲ್ಲಿ ಕುಳಿತ ಅಣ್ಣನ ಮಗನಿಗೆ. ಆದರೆ ಬೆಂಚಿಗೂ ಕೇಳಿಸುವಷ್ಟು ಜೋರಾಗಿ. “ಇಂಥವರೂ ಅಪ್ಪ ಅನ್ನಿಸ್ಕೊಳ್ತಾರೆ. ಹೆಂಡತಿ ಅಲ್ಲಿ ಜೈಂಟ್ ವೀಲ್ ಮೇಲೆ ಕಿರುಚ್ತಾ ಇದ್ದಾಳೆ, ಇವರಿಗೆ ಇಲ್ಲಿ ಗೊರಕೆ.”

ಬೆಂಚಿನವನು ಕಣ್ಣು ತೆರೆಯಲಿಲ್ಲ. ತುಟಿ ಮಾತ್ರ ಅಲುಗಿತು.

“ಇಂಥ ಬಾಯಿ ಇರೋ ಆಯಾನ ಯಾರಪ್ಪಾ ಕೆಲಸಕ್ಕೆ ಇಟ್ಕೊಂಡಿರೋದು.”

“ನಾನು ಆಯಾ ಅಲ್ಲ! ಇವನ ಅತ್ತೆ.”

“ನಾನು ಅಪ್ಪ ಅಲ್ಲ. ಇವಳ ಮಾವ.” ಈಗ ಒಂದು ಕಣ್ಣು ತೆರೆಯಿತು. “ಮೇಲೆ ಕಿರುಚ್ತಾ ಇರೋದು ನಮ್ಮಕ್ಕ. ಅವಳು ನೆಲದ ಮೇಲಿದ್ರೂ ಹಾಗೇ ಕಿರುಚ್ತಾಳೆ, ಗಾಬರಿಯಾಗಬೇಡಿ.”

ಅಷ್ಟು ಹೇಳಿ ಆತ ನಕ್ಕ. ಅವಳು ಅಭ್ಯಾಸಬಲದಿಂದ ಹಲ್ಲು ನೋಡಿದಳು. ಊರವರ ಬಾಯಿಗೆ ಕೃತಕ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವಳ ವೃತ್ತಿ. ತನ್ನದೇ ಆದ ಒಂದು ಕೋಣೆಯ ಲ್ಯಾಬು, ಮೇಣ, ಉಜ್ಜುವ ಸಣ್ಣ ಅರಗಳು, ಸಾಲಾಗಿ ಇಟ್ಟ ದವಡೆಗಳ ಅಚ್ಚು. ಆತನ ಮೇಲಿನ ಸಾಲಿನ ಮುಂದಿನ ಹಲ್ಲೊಂದು ಪಕ್ಕದ ಹಲ್ಲಿನ ಭುಜದ ಮೇಲೆ ಕೈಹಾಕಿಕೊಂಡು ನಿಂತಂತಿತ್ತು. ಶುದ್ಧ ಅವ್ಯವಸ್ಥೆ, ಎಂದು ಅವಳು ತೀರ್ಪಿತ್ತಳು. ಬಳಿಕ ಇನ್ನೊಮ್ಮೆ ನೋಡಿದಳು.

ಎರಡನೆಯ ನೋಟದ ಅಗತ್ಯ ವೃತ್ತಿಗೆ ಇರಲಿಲ್ಲ.

*

ಆ ಪಾರ್ಕಿನಲ್ಲಿ ಅವಳಿಗೆ ತಿರಸ್ಕಾರ ಹುಟ್ಟಿಸದ ವಸ್ತುವೇ ಇರಲಿಲ್ಲ. ಬಿಸಿಲಿನಲ್ಲಿ ಬೇಯುತ್ತಿದ್ದ ಪ್ಲಾಸ್ಟಿಕ್ ಕೋಟೆ; ಮೈತುಂಬ ಬೆವರಿನ ವಾಸನೆ ಹೊತ್ತು ಎಲ್ಲರನ್ನೂ ತಬ್ಬುತ್ತಿದ್ದ ಕರಡಿವೇಷ; ಹೆದರುವುದಕ್ಕಾಗಿ ಸಾಲುಗಟ್ಟಿ ನಿಂತ ಜನ. ಇವೆಲ್ಲಕ್ಕಿಂತ ಹೆಚ್ಚಾಗಿ ತನ್ನ ಅಣ್ಣ.

ಬೆಳಿಗ್ಗೆ ಗೇಟು ದಾಟಿದಾಗಿನಿಂದ ಅಣ್ಣ ದಂಡನಾಯಕನಾಗಿದ್ದ. ಕುತ್ತಿಗೆಯಲ್ಲಿ ಚಾರ್ಜರ್, ಕೈಯಲ್ಲಿ ಫೋನು. ಫೋನಿನಲ್ಲಿ ಪ್ರತಿ ರೈಡಿಗೂ ಮುಂಗಡ ಪಾಸು: ಇಂತಿಷ್ಟು ಹೊತ್ತಿಗೆ ಬಂದರೆ ಸಾಲಿನಲ್ಲಿ ನಿಲ್ಲದೆ ನೇರ ಒಳಗೆ. ಒಂದು ನಿಮಿಷ ತಡವಾದರೆ ಪ್ರಪಂಚವೇ ಮುಳುಗೀತೆಂಬಂತೆ ಆತ ಎಲ್ಲರನ್ನೂ ಓಡಿಸುತ್ತಿದ್ದ.

ಆದರೆ ಆತನ ನಿಜವಾದ ಜಾಣತನ ಬೇರೆಯೇ ಇತ್ತು. ಚಿಕ್ಕ ಮಗುವನ್ನು ನೋಡಿಕೊಳ್ಳುತ್ತ ಹೊರಗೆ ಉಳಿಯುವವರಿಗೆ ಪ್ರತಿ ರೈಡಿನ ಗೇಟಿನಲ್ಲೂ ಒಂದು ಹಳದಿ ಕಾರ್ಡು ಕೊಡುತ್ತಿದ್ದರು. ಮೊದಲಿನವರು ಹೊರಬಂದ ಮೇಲೆ, ಕಾದು ಕೂತವರು ಅದನ್ನು ತೋರಿಸಿ, ಜೊತೆಗೊಬ್ಬರನ್ನು ಕರೆದುಕೊಂಡು ನೇರವಾಗಿ ರೈಡಿಗೆ ಹೋಗಬಹುದು. ಅಣ್ಣ ಮತ್ತು ಅತ್ತಿಗೆ ಮೊದಲು ಪಾಸಿನಲ್ಲಿ ಒಂದು ಸುತ್ತು ಹೋಗುವರು. ಹೊರಗೆ ಬಂದು ಅವಳ ಕೈಯಿಂದ ಕಾರ್ಡು ಕಿತ್ತುಕೊಂಡು ಇನ್ನೊಂದು ಸುತ್ತು ಹೋಗುವರು. ಕಾಯುವ ಕೆಲಸ ಅವಳದು, ಕಾದದ್ದರ ಫಲ ಅವರದು.

“ಕೊಡು ಪುಟ್ಟಿ, ಬೇಗ!” ಜೈಂಟ್ ವೀಲಿನಿಂದ ಇಳಿದು ಬಂದ ಅಣ್ಣ ಕೈಚಾಚಿದ. ಅವಳು ಕೊಟ್ಟಳು. ಎದುರಿನ ಬೆಂಚಿನವನ ಕಾರ್ಡನ್ನು ಆತನ ಭಾವ ಜೇಬಿನಿಂದಲೇ ಎಳೆದುಕೊಂಡು ಹೋದ.

“ಪುಟ್ಟಿ,” ಎಂದ ಬೆಂಚಿನವನು, ಮೆಲ್ಲಗೆ, ರುಚಿ ನೋಡುವವನಂತೆ.

“ಏನ್ರೀ ಅದು?”

“ಏನಿಲ್ಲ. ಇಷ್ಟು ಕೋಪಕ್ಕೆ ಅಷ್ಟು ಚಿಕ್ಕ ಹೆಸರು.”

“ನಿಮ್ಮನ್ನ ಏನಂತಾರೆ?”

ದೂರದಿಂದ ಆತನ ಅಕ್ಕನ ಕೂಗು ಉತ್ತರವಾಗಿ ಬಂತು: “ಲೋ ಬನ್ನೂ! ಮಗು ಟೋಪಿ ಎಲ್ಲೋ?”

ಅವಳ ಮುಖದಲ್ಲಿ ದಿನದ ಮೊದಲ ನಗು ಮೂಡಿತು; ಅದು ಒಳ್ಳೆಯ ನಗುವಾಗಿರಲಿಲ್ಲ.

“ಬೇಕರಿ ಇಟ್ಟಿದೀನಿ,” ಆತ ಗಂಭೀರವಾಗಿ ಹೇಳಿದ. “ಬೆಳಗಾಗೋ ಮುಂಚೆ ಎದ್ದು ಹಿಟ್ಟು ನಾದೋನಿಗೆ ಮಧ್ಯಾಹ್ನ ನಿದ್ದೆ ಬರುತ್ತೆ. ನಗೋದಾದ್ರೆ ಪೂರ್ತಿ ನಕ್ಕುಬಿಡಿ, ಹೀಗೆ ಕಂತಿನಲ್ಲಿ ಬೇಡ.”

*

ದೋಣಿಯ ರೈಡಿನ ಎದುರಿನ ಬೆಂಚಿಗೆ ಹೋದರೆ ಅಲ್ಲಿಯೂ ಆತನೇ. ಭೂತಬಂಗಲೆಯ ಎದುರೂ ಆತನೇ.

“ನನ್ನ ಹಿಂದೆ ಬರ್ತಾ ಇದೀರಾ?”

“ನಾನು ಮೊದಲೇ ಬಂದು ಕೂತಿದೀನಿ. ಹಿಂದೆ ಬರ್ತಾ ಇರೋರು ನೀವು.”

ರಹಸ್ಯ ಬೇಗನೆ ಬಯಲಾಯಿತು. ಯಾವ ರೈಡಿಗೆ ಯಾವಾಗ ಪಾಸು ಹಿಡಿಯಬೇಕೆಂದು ಹೇಳುವ ವಿಡಿಯೊ ಒಂದಿತ್ತು. ಅಣ್ಣನೂ ಅದನ್ನು ನೋಡಿದ್ದ, ಬೆಂಚಿನವನ ಭಾವನೂ ನೋಡಿದ್ದ. ಸುತ್ತಲಿನ ಬೆಂಚುಗಳಲ್ಲಿದ್ದ ಮುಖಗಳನ್ನು ಕಂಡರೆ, ಜನಸಂದಣಿಯನ್ನು ತಪ್ಪಿಸುವ ಆ ಗುಟ್ಟನ್ನು ಅರ್ಧ ಊರೇ ಅರಿತಿತ್ತು.

“ಕುರಿಮಂದೆ,” ಎಂದಳು ಅವಳು.

“ಕುರಿಗಳಾದ್ರೂ ರೈಡಿಗೆ ಹೋಗಿವೆ. ನಾವು ಅವುಗಳ ಚೀಲ ಹೊತ್ಕೊಂಡು ಕೂತಿದೀವಿ.”

ಮಾತು ನೆಟ್ಟಗೆ ಬಂದು ನಾಟಿತು. ಅವಳು ಆತನತ್ತ ತಿರುಗಿದಳು. ಆತ ಕಾಗದದ ಪೊಟ್ಟಣದಿಂದ ಬನ್ನೊಂದನ್ನು ತೆಗೆದು, ಮುರಿದು, ದೊಡ್ಡ ತುಂಡನ್ನು ಅವಳತ್ತ ಚಾಚಿದ್ದ. ಬೆರಳುಗಳ ಮೇಲೆ ಹಳೆಯ ಸುಟ್ಟ ಗುರುತುಗಳಿದ್ದವು. ತುಂಡು ಕೈ ಬದಲಾಗುವಾಗ ಅವಳ ಬೆರಳು ಅವುಗಳಲ್ಲೊಂದನ್ನು ಸವರಿತು. ಆತ ಕೈಯನ್ನು ಕೂಡಲೇ ಹಿಂತೆಗೆದುಕೊಳ್ಳಲಿಲ್ಲ. ಅವಳೂ ಅವಸರ ಮಾಡಲಿಲ್ಲ.

“ಇದರಲ್ಲಿ ಉಪ್ಪು ಕಡಿಮೆ,” ಎಂದಳು, ಇಡೀ ತುಂಡನ್ನು ತಿಂದು ಮುಗಿಸಿ.

ಊಟದ ಹೊತ್ತಿಗೆ ಅಣ್ಣ ಬಾಂಬು ಸಿಡಿಸಿದ. ತಟ್ಟೆಯ ಮೇಲಿನಿಂದ ಕಣ್ಣೆತ್ತದೆ, ಇನ್ನೊಂದು ರೈಡಿನ ಸಮಯ ತಿಳಿಸುವಷ್ಟೇ ಸಲೀಸಾಗಿ.

“ಮುಂದಿನ ತಿಂಗಳಿಂದ ನಿಮ್ಮತ್ತಿಗೆ ಕೆಲಸಕ್ಕೆ ಹೋಗ್ತಾಳೆ. ನೀನು ಲ್ಯಾಬ್ ಮುಚ್ಚಿ ನಮ್ಮನೆಗೆ ಬಂದುಬಿಡು. ಗುಂಡ ನಿನಗೆ ಹೊಂದ್ಕೊಂಡಿದಾನೆ.”

“ಲ್ಯಾಬ್ ಮುಚ್ಚಿ?”

“ಇನ್ನೇನು ಪುಟ್ಟಿ? ನಿನಗೇನು ಗಂಡನಾ, ಮಕ್ಕಳಾ? ಯಾರ್ಯಾರದೋ ಹಲ್ಲು ತಿಕ್ಕೊಂಡು ಎಷ್ಟು ದಿನ ಇರ್ತೀಯ? ನಮ್ಮ ಜೊತೆ ಇದ್ರೆ ನಿನಗೂ ಒಂದು ಆಸರೆ.” ಆತನ ದನಿಯಲ್ಲಿ ಕೇಡಿನ ಲವಲೇಶವೂ ಇರಲಿಲ್ಲ. ಅದೇ ಅದರ ಕೇಡು. “ಸಂಜೆ ಹೊರಡೋ ಮುಂಚೆ ಹೂಂ ಅಂದ್ಬಿಡು. ನಾಳೇನೇ ನಿನ್ನ ಬಾಡಿಗೆ ಮನೆಯವರಿಗೆ ಹೇಳ್ಬಿಡ್ತೀನಿ.”

ಅತ್ತಿಗೆ ಪ್ರೀತಿಯಿಂದ ತನ್ನ ಕೈಚೀಲವನ್ನು ಅವಳ ಮಡಿಲಿಗೆ ದಾಟಿಸಿದಳು. “ಸ್ವಲ್ಪ ಹಿಡ್ಕೋ. ಕೈ ತೊಳ್ಕೊಂಡು ಬರ್ತೀನಿ.”

*

ಮುಂದಿನ ಬೆಂಚಿನಲ್ಲಿ ಅವಳು ಆ ಸಂಗತಿಯನ್ನು ಬೇಕರಿಯವನಿಗೆ ಏಕೆ ಹೇಳಿದಳೋ ಅವಳಿಗೇ ತಿಳಿಯದು. ಹೇಳಿ ಮುಗಿಸಿ, ಕನಿಕರದ ಮಾತು ಬಂದರೆ ಕಚ್ಚಲು ಸಿದ್ಧಳಾಗಿ ಕುಳಿತಳು.

ಬರಲಿಲ್ಲ.

“ಹೂಂ ಅಂತೀರಾ?” ಎಂದ ಆತ.

“ನಿಮಗ್ಯಾಕೆ?”

“ನೀವು ಹೂಂ ಅಂದ್ರೆ, ನೀವು ಇಷ್ಟೊತ್ತು ಬೈದಿದ್ದೆಲ್ಲ ಸುಳ್ಳು ಅಂತಾಯ್ತು. ಬೆಳಿಗ್ಗೆಯಿಂದ ಎಲ್ಲರನ್ನೂ ಬೈತೀರ. ಕಾರ್ಡು ಕೇಳಿದ ತಕ್ಷಣ ಕೊಟ್ಬಿಡ್ತೀರ.”

ಅವಳ ಕೆನ್ನೆ ಬಿಸಿಯಾಯಿತು. “ನೀವು? ಜೇಬಿಗೆ ಕೈಹಾಕಿ ತಗೊಂಡು ಹೋದ್ರೂ ಗೊರಕೆ ಹೊಡೀತೀರ. ಬೆನ್ನುಮೂಳೆ ಇಲ್ಲದೋರು ಬೇರೆಯವರಿಗೆ ಬುದ್ಧಿ ಹೇಳಬಾರದು.”

“ಅದಕ್ಕೇ ಹೇಳಿದ್ದು,” ಆತ ಈ ಬಾರಿ ನಗಲಿಲ್ಲ. “ನನ್ನಂಥೋರು ಇನ್ನೊಬ್ಬರು ಆಗೋದು ಬೇಡ ಅಂತ.”

ಸ್ಕಾರ್ಫಿನ ತುದಿಯಲ್ಲಿದ್ದ ಅಕ್ಕನ ಮಗಳನ್ನು ಎತ್ತಿಕೊಂಡು ಆತ ಎದ್ದುಹೋದ. ಅವಳು ನೋಡುತ್ತ ಕುಳಿತಳು. ಎರಡು ಟೋಪಿ ಹೊತ್ತ ಆ ತಲೆ ಜನಜಂಗುಳಿಯಲ್ಲಿ ಮುಳುಗಿತು, ಒಮ್ಮೆ ತೇಲಿತು, ಕಾಣದಾಯಿತು. ಪೀಡೆ ತೊಲಗಿತು, ಎಂದುಕೊಂಡಳು. ಮನಸ್ಸು ಆ ಮಾತಿಗೆ ಸೊಪ್ಪು ಹಾಕಲಿಲ್ಲ.

*

ಕಡೆಯದು ಬಿರುಗಾಳಿ. ಇಡೀ ಪಾರ್ಕಿನ ಮೇಲೆ ಉಕ್ಕಿನ ಹಳಿಗಳು ಗಂಟುಬಿದ್ದು ಹಬ್ಬಿದ್ದ ರೋಲರ್ ಕೋಸ್ಟರ್. ಸೂರ್ಯ ಕಂಬಗಳ ನಡುವೆ ಇಳಿಯುತ್ತಿದ್ದ. ಗೇಟಿನ ಹುಡುಗಿ ಹಳದಿ ಕಾರ್ಡನ್ನು ಅವಳ ಕೈಗಿತ್ತು, “ಇವತ್ತಿನ ಕೊನೆ ಕಾರ್ಡು ಇದು, ಮೇಡಂ. ಬೇಗ ಬನ್ನಿ,” ಎಂದಳು.

ಬೆಂಚು ಖಾಲಿ ಇತ್ತು.

ಅವಳು ಚೀಲಗಳನ್ನು ಒಟ್ಟಿದಳು. ಗುಂಡಣ್ಣನ ಮೂಗೊರೆಸಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಹಾಗೆ ನೋಡಿದ್ದಕ್ಕೆ ತನ್ನನ್ನೇ ಬೈದುಕೊಂಡಳು. ಹೊರಟುಹೋಗಿರಬೇಕು. ಹೋಗಲಿ. ಯಾವ ಊರೋ, ಯಾವ ಬೇಕರಿಯೋ. ವಕ್ರ ಹಲ್ಲಿನ ಬೇಕರಿಯವನೆಂದು ಯಾರನ್ನು ಕೇಳಿ ಹುಡುಕುವುದು? ಹುಡುಕುವ ಮಾತೇಕೆ ಬಂತು?

“ಉಪ್ಪು ಸಾಕಾ ನೋಡಿ.”

ಬೆನ್ನ ಹಿಂದಿನಿಂದ ಉಪ್ಪಿನ ಪುಟ್ಟ ಪೊಟ್ಟಣವೊಂದು ಅವಳ ಮುಂದೆ ಇಳಿಯಿತು. ಊಟದ ಅಂಗಡಿಗಳಲ್ಲಿ ಇಡುವಂಥದ್ದು. ಅದರ ಹಿಂದೆ ಮುಕ್ಕಾಲು ಬನ್ನು, ಏದುಸಿರು, ಎರಡು ಟೋಪಿ.

“ಎಲ್ಲಿ ಹೋಗಿದ್ರಿ?” ಪ್ರಶ್ನೆ ಬೇಕಾದ್ದಕ್ಕಿಂತ ಜೋರಾಗಿ ಬಂತು.

“ಆ ಕಡೆಯ ಅಂಗಡಿವರೆಗೂ. ಇವಳು ದಾರಿಯಲ್ಲಿ ಕಾಲು ಭಾಗ ತಿಂದುಬಿಟ್ಟಳು.” ಆತ ಹುಡುಗಿಯನ್ನು ಕೆಳಗಿಳಿಸಿದ. “ಯಾಕೆ, ಹುಡುಕಿದ್ರಾ?”

“ನನಗೇನು ಹುಚ್ಚಾ? ನಿಮ್ಮ ಕಾರ್ಡು?”

“ಭಾವ ಮೊದಲೇ ತಗೊಂಡಿದ್ರು. ಎರಡನೇ ಸುತ್ತೂ ಮುಗೀತು ಅನ್ಸುತ್ತೆ.”

ಅವಳ ಬಾಯಲ್ಲಿ ಬೈಗುಳ ಸಿದ್ಧವಿತ್ತು. ಅಷ್ಟರಲ್ಲಿ ಬಿರುಗಾಳಿಯ ಬಾಗಿಲಿನಿಂದ ಎರಡು ಸಂಸಾರಗಳೂ ಕೆದರಿದ ತಲೆಗಳೊಂದಿಗೆ ಹೊರಬಂದವು. ಎಲ್ಲರಿಗಿಂತ ಮುಂದೆ ಅಣ್ಣ, ಚಾಚಿದ ಕೈ.

“ಕೊಡು ಪುಟ್ಟಿ, ಗೇಟು ಮುಚ್ತಾರೆ! ಆಮೇಲೆ, ಆ ವಿಷಯ? ಹೂಂ ತಾನೆ?”

ಒಂದೇ ಅಂಗೈ. ಎರಡನ್ನೂ ಅದಕ್ಕೇ ಕೇಳುತ್ತಿದ್ದ.

ಅವಳು ಆ ಅಂಗೈಯನ್ನು ನೋಡಿದಳು. ಚಿಕ್ಕಂದಿನಲ್ಲಿ ಅವಳಿಗೆ ಸೈಕಲ್ ಕಲಿಸುವಾಗ ಸೀಟು ಹಿಡಿದು ಓಡಿದ ಕೈ ಅದು. ಅಂದಿನಿಂದ ಹಿಡಿತ ಬಿಡುವುದನ್ನೇ ಮರೆತಿತ್ತು. ಪಕ್ಕದಲ್ಲಿ ಬೇಕರಿಯವನು ಉಪ್ಪಿನ ಪೊಟ್ಟಣ ಹಿಡಿದು ನಿಂತಿದ್ದ, ಅಷ್ಟೆ.

“ಏಳ್ರೀ,” ಎಂದಳು ಅವಳು.

“ನಾನು ನಿಂತೇ ಇದೀನಿ.”

“ಹಾಗಾದ್ರೆ ನಡೀರಿ. ಇದು ಕಾದು ಕೂತವರ ಕಾರ್ಡು. ಜೊತೆಗೊಬ್ಬರು ಬರಬಹುದಂತೆ.”

ಅಣ್ಣನ ಕೈ ಗಾಳಿಯಲ್ಲೇ ನಿಂತಿತು. “ಪುಟ್ಟಿ, ಏನಿದು? ನಿನಗೆ ಇದೆಲ್ಲ ಭಯ ಅಲ್ವಾ?”

“ಯಾರು ಹೇಳಿದ್ದು? ಒಂದು ಸಲನಾದ್ರೂ ಕೇಳಿದೀಯಾ?”

ಅವಳು ಆ ಚಾಚಿದ ಕೈಗೆ ತಳ್ಳುಗಾಡಿಯ ಹಿಡಿಯನ್ನು ಕೊಟ್ಟಳು. ಬೇಕರಿಯವನು ಒಂದು ಕ್ಷಣ ತಡೆದು, ಸ್ಕಾರ್ಫಿನ ತುದಿಯನ್ನು ಭಾವನ ಮಣಿಕಟ್ಟಿಗೆ ಬಿಗಿದು, ಟೋಪಿಗಳನ್ನೂ ಆತನ ತಲೆಗೇ ಏರಿಸಿದ.

“ಲೋ ಬನ್ನೂ, ಎಲ್ಲಿಗೋ?” ಎಂದು ಅಕ್ಕ ಕಿರುಚಿದಳು.

“ಮೇಲಕ್ಕೆ!”

*

ಗಾಡಿ ಕಟಕಟನೆ ಏರತೊಡಗಿತು. ಕೆಳಗೆ ಕೋಟೆ ಚಿಕ್ಕದಾಯಿತು, ಕರಡಿವೇಷ ಇರುವೆಯಾಯಿತು, ಅಣ್ಣನ ಕೈ ಕಾಣದಾಯಿತು.

“ನನಗೆ ನಿಜವಾಗಲೂ ಭಯ,” ಎಂದಳು ಅವಳು.

“ನನಗೂ. ಅದಕ್ಕೇ ಕಾರ್ಡು ಕೊಟ್ಟುಬಿಡ್ತಿದ್ದೆ.”

“ಥೂ, ನಿಮ್ಮ ಜನ್ಮಕ್ಕೆ!”

ಆತ ನಕ್ಕ. ಇಳಿಬಿಸಿಲು ನೇರವಾಗಿ ಆ ಹಲ್ಲಿನ ಮೇಲೆ ಬಿತ್ತು. ದಿನವಿಡೀ, ವರ್ಷವಿಡೀ ಅವಳು ಎಷ್ಟೋ ಸಾಲುಗಳನ್ನು ತಿದ್ದಿ ತೀಡಿ ನೇರ ಮಾಡಿದ್ದಳು; ಅವುಗಳಲ್ಲಿ ಒಂದನ್ನೂ ಹೀಗೆ ನೋಡುತ್ತಲೇ ಇರಬೇಕೆನ್ನಿಸಿರಲಿಲ್ಲ.

“ಕೇಳಿ. ಆ ಹಲ್ಲು ಇದೆಯಲ್ಲ, ಮುಂದಿನದು.”

“ಗೊತ್ತು. ವಕ್ರ. ಸರಿ ಮಾಡಿಸಬೇಕು.”

“ಯಾರ ಕೈಗಾದ್ರೂ ಕೊಟ್ಟೀರಾ ಜೋಕೆ! ಅದು ಹಾಗೇ ಇರಬೇಕು. ನಾನು ನೋಡಬೇಕು. ವಾರಕ್ಕೊಂದು ಸಲನಾದ್ರೂ.”

ಆತನ ಕಣ್ಣುಗಳಲ್ಲಿದ್ದ ನಿದ್ದೆ ಪೂರ್ತಿ ಹಾರಿಹೋಯಿತು. “ವಾರಕ್ಕೊಂದೇ ಸಲನಾ?”

ಉತ್ತರ ಕೊಡಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಲೋಕವೇ ಕೆಳಗೆ ಕಳಚಿಬಿತ್ತು. ಅವಳು ಕಿರುಚಿದ್ದರಲ್ಲಿ ಉತ್ತರವೂ ಇತ್ತು. ಗಾಳಿ ಅದನ್ನು ಇಬ್ಬರಿಗಷ್ಟೇ ಉಳಿಸಿ ಮಿಕ್ಕಿದ್ದನ್ನು ಕೊಂಡೊಯ್ದಿತು.

*

ಹೊರಗೆ, ಬೆಂಚಿನ ಮೇಲೆ, ದಂಡನಾಯಕ ಕುಳಿತಿದ್ದ. ಮಡಿಲಲ್ಲಿ ಗುಂಡಣ್ಣ, ಸುತ್ತಲೂ ಚೀಲಗಳು, ಹೆಗಲ ಮೇಲೆ ಮಗುವಿನ ಜೊಲ್ಲು.

“ಅಣ್ಣ, ನಾನು ಬರಲ್ಲ,” ಎಂದಳು ಅವಳು. “ಲ್ಯಾಬೂ ಮುಚ್ಚಲ್ಲ. ಗುಂಡನ್ನ ನೋಡಬೇಕು ಅನ್ನಿಸಿದಾಗ ಬರ್ತೀನಿ, ಅವನ ಅತ್ತೆಯಾಗಿ.”

ಅಣ್ಣ ಅವಳ ಕೆದರಿದ ಕೂದಲನ್ನು ನೋಡಿದ, ಪಕ್ಕದಲ್ಲಿ ನಿಂತವನನ್ನು ನೋಡಿದ. ಹೇಳಲು ಬಹಳವಿತ್ತು, ಆದರೆ ಗುಂಡಣ್ಣ ಆ ಕ್ಷಣದಲ್ಲೇ ಆತನ ಫೋನನ್ನು ಬಾಯಿಗಿಟ್ಟುಕೊಂಡ.

ಚೀಲಗಳ ರಾಶಿಯಲ್ಲಿ ತನ್ನದು ಯಾವುದೆಂದು ಅವಳು ಹುಡುಕಬೇಕಾಯಿತು. ಎಲ್ಲಕ್ಕಿಂತ ಕೆಳಗೆ, ಅಪ್ಪಚ್ಚಿಯಾಗಿ, ಸಿಕ್ಕಿತು. ಧೂಳು ಕೊಡವಿ ಹೆಗಲಿಗೇರಿಸಿದಳು. ಬೇಕರಿಯವನು ಅಭ್ಯಾಸಬಲದಿಂದ ಅದಕ್ಕೂ ಕೈಚಾಚಿದ.

“ಬೇಡ,” ಎಂದಳು. “ಕೈ ಖಾಲಿ ಇರಲಿ.”

“ಯಾಕೆ?”

“ದಡ್ಡ,” ಎಂದಳು ಅವಳು, ಇಡೀ ದಿನದ ತಿರಸ್ಕಾರವನ್ನೆಲ್ಲ ಒಂದೇ ಮಾತಿನಲ್ಲಿ ಒಟ್ಟುಗೂಡಿಸಿ. ಆಮೇಲೆ ಆ ಖಾಲಿ ಕೈಯನ್ನು ಹಿಡಿದುಕೊಂಡಳು.