ಕಾರಣ: ಕಂಡಕ್ಟರ್

ಫಾರಂ ತುಂಬಿದವನು ಬುನ್ಲೆತ್, ಕದ್ದು ಓದಿದವಳು ನಾನು. ತಪ್ಪು ಇಬ್ಬರದೂ.

ಡ್ರೈವರುಗಳ ಮನಸ್ಸಿನ ಆರೋಗ್ಯ ವಿಚಾರಿಸಲು ನರ್ಸ್ ಒಬ್ಬಳು ನಮ್ಮ ಡಿಪೋಗೆ ಬಂದಿದ್ದಳು. ಅವಳಿಗೆ ತಲುಪಿಸೆಂದು ಅವನು ತನ್ನ ಫಾರಂ ನನ್ನ ಕೈಗಿತ್ತಿದ್ದ.

ನಿದ್ದೆ? ಚೆನ್ನಾಗಿದೆ. ಎದೆ ಡವಡವ? ಇಲ್ಲ. ಕೈ ನಡುಕ? ಇಲ್ಲ.

ನಾಲ್ಕು ವರ್ಷದಿಂದ ಅವನ ಬಸ್ಸಿಗೆ ನಾನೇ ಕಂಡಕ್ಟರ್. ಬ್ಯಾಂಕಾಕಿನ ಟ್ರಾಫಿಕ್ಕಿನಲ್ಲಿ ಬಸ್ಸು ಸಿಕ್ಕಿಕೊಂಡಾಗ ಸ್ಟೀರಿಂಗ್ ಮೇಲೆ ಅವನ ಬೆರಳು ನಡುಗುವುದು ನನಗೆ ಗೊತ್ತು. ಆಗ ಟಿಕೆಟ್ ಇಡುವ ತಗಡಿನ ಕೊಳವೆಯ ಮುಚ್ಚಳವನ್ನು ನಿಧಾನವಾಗಿ ಬಡಿಯುತ್ತೇನೆ. ಟಕ್... ಟಕ್... ಜನ ಚಿಲ್ಲರೆ ತೆಗೆಯುತ್ತಾರೆ. ಅವನು ಅದೇ ತಾಳಕ್ಕೆ ಉಸಿರೆಳೆಯುತ್ತಾನೆ. ಕನ್ನಡಿಯಲ್ಲಿ ಒಮ್ಮೆ ನನ್ನನ್ನು ನೋಡಿ, ಸಿಕ್ಕಿಬಿದ್ದವನಂತೆ ರಸ್ತೆಗೆ ತಿರುಗುತ್ತಾನೆ. ಈ ಬಗ್ಗೆ ಇಬ್ಬರೂ ಮಾತಾಡಿದ್ದಿಲ್ಲ.

ಕೊನೆಯ ಪ್ರಶ್ನೆ: ಕೆಲಸದಲ್ಲಿ ತೃಪ್ತಿ ಇದೆಯೇ? ‘ತುಂಬಾ.’ ಕಾರಣ? ಅವನ ಗುಂಡು ಅಕ್ಷರದಲ್ಲಿ ಒಂದೇ ಪದ: ‘ಕಂಡಕ್ಟರ್.’

ಕಿವಿ ಬಿಸಿಯಾಯಿತು. ಆಮೇಲೆ ಸಿಟ್ಟು ಬಂತು.

ಅವನು ಬಸ್ಸಿನ ನೆರಳಲ್ಲಿ ಐಸ್ ಟೀ ಹೀರುತ್ತಿದ್ದ. ನನಗಿಂತ ದೊಡ್ಡವನು, ಹಾಗಾಗಿ ನನ್ನ ಬಾಯಲ್ಲಿ ಯಾವಾಗಲೂ ‘ಪೀ’, ವಯಸ್ಸಲ್ಲಿ ಹಿರಿಯರನ್ನು ನಾವು ಕರೆಯುವ ಮಾತು.

“ಏನ್ ಪೀ, ಇಷ್ಟೊಂದು ಸುಳ್ಳಾ? ನಿನ್ನೆ ಸ್ಟಾಪಲ್ಲಿ ಕಾಲು ನಡುಗ್ತಿತ್ತಲ್ಲ, ಅದೇನು ಡ್ಯಾನ್ಸಾ?”

“ಓದ್ಬಿಟ್ಯಾ? ಪೂರ್ತಿನಾ?”

“ಪೂರ್ತಿ.”

ಅವನು ಸ್ಟ್ರಾ ಕಚ್ಚಿದ. “ನಿಜ ಬರೆದ್ರೆ ಸೀಟಿಂದ ಇಳಿಸ್ತಾರೆ, ಲಮ್ಯೈ. ಬೇರೆ ಯಾವನೋ ಬರ್ತಾನೆ. ನಿನ್ ಜೊತೆ.”

“ಬರ್ಲಿ. ಅವನಿಗೂ ಬಸ್ ಓಡ್ಸೋಕೆ ಬರುತ್ತೆ.”

“ಅದೇ ನನ್ ಹೆದರಿಕೆ.”

ನಗು ತಡೆದುಕೊಂಡೆ. “ನನ್ನೇನು ಡಿಪೋದೋರು ಬಸ್ ಜೊತೆ ಕೊಟ್ಟಿದ್ದಾ? ಬಸ್ ಬಿಟ್ರೆ ನಾನೂ ವಾಪಸ್ ಹೋಗ್ಬೇಕಾ? ಹೀಗೇ ಓಡಿಸಿ ಒಂದಿನ ಯಾರಿಗಾದ್ರೂ ಗುದ್ದಿದ್ರೆ, ಆಗ ನಂಗೆ ನೀನು ಉಳೀತೀಯಾ?”

ಅವನು ಟೀ ಲೋಟ ಕೆಳಗಿಟ್ಟ. ಆಮೇಲೆ ಪೆನ್ನು ಕೇಳಿದ. ಮೇಲಿನ ಉತ್ತರಗಳನ್ನೆಲ್ಲ ಹೊಡೆದು ಹಾಕಿ ನಿಜ ಬರೆದ. ಕೊನೆಯದನ್ನು ಮುಟ್ಟಲಿಲ್ಲ.

ಆರು ವಾರ ಬಸ್ ಓಡಿಸಕೂಡದು, ಡಾಕ್ಟರನ್ನು ಕಾಣಬೇಕು ಎಂದಾಯಿತು. ಬದಲಿಗೆ ಬಂದ ಡ್ರೈವರ್ ದಾರಿಯುದ್ದಕ್ಕೂ ಮೊಮ್ಮಕ್ಕಳ ಸುದ್ದಿ ಹೇಳುತ್ತಿದ್ದ.

ಮರುವಾರ ಮಧ್ಯಾಹ್ನ, ಆಸ್ಪತ್ರೆ ಸ್ಟಾಪಿನಲ್ಲಿ ಬುನ್ಲೆತ್ ಹತ್ತಿದ. ಇಸ್ತ್ರಿ ಅಂಗಿ, ಜೇಬಿನಲ್ಲಿ ಮಾತ್ರೆಯ ಪೊಟ್ಟಣ.

“ಎಲ್ಲಿಗೆ?” ಎಂದೆ, ಎಲ್ಲರನ್ನೂ ಕೇಳುವಂತೆ.

“ನೀನ್ ಇಳಿಯೋ ಕಡೆಗೆ.”

“ನಾನಿಳಿಯೋದು ಸಂಜೆ ಆರಕ್ಕೆ.”

“ಇರ್ಲಿ. ನಿದ್ದೆ ಬರ್ತಿದೆ ಈಗ, ಅಲ್ಲೀವರ್ಗೂ ಮಲಗ್ತೀನಿ.” ಕಿಟಕಿಯ ಕಡೆ ನೋಡುತ್ತ ಅಂದ, “ಹುಷಾರಾದ್ಮೇಲೆ ನಿಮ್ಮಮ್ಮನ್ನ ಕಂಡು ಮಾತಾಡ್ಬೇಕು.”

ಹಿಂದಿನ ಸೀಟಿನ ಅಜ್ಜಿ ಕೆಮ್ಮಿದಳು.

“ಹುಷಾರಾಗೋವರ್ಗೂ ಯಾಕೆ ಕಾಯ್ತೀಯಾ?” ಎಂದು ಟಿಕೆಟ್ ಹರಿದು ಅವನ ಅಂಗೈಯಲ್ಲಿಟ್ಟೆ. “ಅಮ್ಮ ಸಂಜೆ ಮನೇಲೇ ಇರ್ತಾಳೆ.”