ಕಪ್ಪು ಬಿಳುಪಿನ ಬಚ್ಚಲು ಮನೆ

“ಸತ್ತೆನಲ್ಲಪ್ಪೋ ಬೀರಪ್ಪಾ!”

ಬಚ್ಚಲು ಮನೆಯಿಂದ ಅತ್ತೆಯ ಕೂಗು ಕೇಳಿದ್ದೇ ತಡ, ಮುದ್ದೆ ತೊಳಸುತ್ತಿದ್ದ ಸುಮಾ ಕೋಲನ್ನು ಪಾತ್ರೆಯಲ್ಲೇ ಬಿಟ್ಟು ಓಡಿದಳು. ಏಕನಾಥಮ್ಮ ಒದ್ದೆ ನೆಲದ ಮೇಲೆ ಕುಸಿದು ಕುಳಿತಿದ್ದಳು. ಬಿಸಿನೀರಿನ ಬಕೆಟ್ಟು ಉರುಳಿ ಅವಳ ಬಲಪಾದವೆಲ್ಲ ಕೆಂಪಗಾಗಿತ್ತು.

“ಅತ್ತೆಮ್ಮಾ! ಏನಾತು? ಕೈ ಕೊಡ್ರಿ, ನಿಧಾನಕ್ಕೆ ಏಳ್ರಿ...”

“ಮುಟ್ಟಬ್ಯಾಡ ನನ್ನ! ಬಕೀಟು ದಾರಿಗೆ ಅಡ್ಡ ಇಟ್ಟೋಳೇ ನೀನು. ಮುದುಕಿ ಬಿದ್ದು ಸಾಯ್ಲಿ ಅಂತ ಇಟ್ಟಿದ್ದಲ್ವೇನೇ?”

ಸದ್ದು ಕೇಳಿ ಕನಕರಾಜ್ ಹೊರಗಿನಿಂದ ಧಾವಿಸಿ ಬಂದ. ತಾಯಿಯನ್ನು ಎತ್ತಿ ಕೂರಿಸಿ, ಹೆಂಡತಿಯ ಕಡೆ ತಿರುಗಿ, “ನೋಡಿ ಇಡಬಾರದೇನೇ ಸುಮಾ?” ಎಂದುಬಿಟ್ಟ. ಬಕೆಟ್ಟು ದಾರಿಯಲ್ಲಿರಲಿಲ್ಲ, ದಿನವೂ ಇರುವ ಜಾಗದಲ್ಲಿ, ನಲ್ಲಿಯ ಕೆಳಗೇ ಇತ್ತು. ಆದರೆ ಆ ಮನೆಯಲ್ಲಿ ಅವಳ ಮಾತು ಕೇಳುವವರಾರು?

ಹಿರಿಯೂರಿನ ಆ ಮನೆಯಲ್ಲಿ ಏಕನಾಥಮ್ಮನದೇ ದರ್ಬಾರು. ಮೂಲ ಊರು ಯಲ್ಲದಕೆರೆ. ಗಂಡ ತಿಪ್ಪೇರುದ್ರಪ್ಪ ಈಗಲೂ ಬೆಳಗಿನ ಬಸ್ಸಿಗೆ ಊರಿಗೆ ಹೋಗಿ ಕುರಿ ನೋಡಿಕೊಂಡು ಸಂಜೆ ಬರುತ್ತಿದ್ದ. ಮಗ ಕನಕರಾಜ್ ಸಂತೆಯಿಂದ ಸಂತೆಗೆ ಕುರಿ ಸಾಗಿಸುವ ಗಾಡಿ ಓಡಿಸುತ್ತಿದ್ದ. ಹಿರಿಮಗಳು ರೋಜಾಳನ್ನು ಹೊಸದುರ್ಗಕ್ಕೆ ಕೊಟ್ಟಿತ್ತು. ಸೊಸೆ ಸುಮಾ ಚಿಕ್ಕಜಾಜೂರಿನ ರೈಲ್ವೆ ನೌಕರರೊಬ್ಬರ ಮಗಳು. ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಬಣ್ಣಕ್ಕೆ ಬಣ್ಣ ಹೊಂದಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ ಎಂದು ಬೀದಿಯ ಹೆಂಗಸರೆಲ್ಲ ಹೇಳುತ್ತಿದ್ದರು. ಆದರೆ ಸ್ವಂತ ಮನೆಯಲ್ಲಿ ಒಂದು ಪರದೆಯ ಬಣ್ಣವನ್ನೂ ಅವಳು ಆರಿಸುವಂತಿರಲಿಲ್ಲ! ಗೋಡೆ, ಬಾಗಿಲು, ಕೊನೆಗೆ ಅವಳು ಹಬ್ಬಕ್ಕೆ ಉಡುವ ಸೀರೆ, ಎಲ್ಲವೂ ಅತ್ತೆಯ ಆಯ್ಕೆ.

ಆ ವರ್ಷ ಮಾತ್ರ ಕನಕರಾಜ್ ಮಾತು ಕೊಟ್ಟಿದ್ದ. “ಬಚ್ಚಲು ಮನೆ ಗೋಡೆ ಜಿನುಗ್ತಾ ಐತೆ. ದೀಪಾವಳಿಗೆ ಮುಂಚೆ ಎಲ್ಲಾ ಕಿತ್ತು ಹೊಸದು ಮಾಡ್ಸಾಣ. ಬಣ್ಣ ನಿಂದೇ, ನಾನು ಬಾಯಿ ಹಾಕಲ್ಲ!”

ಸುಮಾ ಕುಣಿದಾಡಿದ್ದಳು. ಆಕಾಶನೀಲಿ! ಮೇಲೆ ಅಲ್ಲಲ್ಲಿ ಬಿಳಿ ತಾವರೆ! ರೈಲ್ವೆ ಕ್ವಾರ್ಟರ್ಸಿನ ಕತ್ತಲೆ ಬಚ್ಚಲಲ್ಲಿ ಸರದಿ ಕಾದು ಸ್ನಾನ ಮಾಡುತ್ತಿದ್ದ ಹುಡುಗಿ ಅಂದಿನಿಂದ ಕಂಡ ಕನಸು ಅದು. ಅಂಗಡಿಗೆ ಹೋಗಿ ಟೈಲ್ಸ್ ಆರಿಸಿ, ಎತ್ತಿಡಲು ಹೇಳಿಯೂ ಬಂದಿದ್ದಳು.

ಸುಟ್ಟ ಪಾದ ಮಾಯುವ ತನಕ ಏಕನಾಥಮ್ಮ ಮಿಷನ್ ಕೋಣೆಯಲ್ಲೇ ಕಾಲು ಚಾಚಿ ಕೂರುತ್ತಿದ್ದಳು. ಆಗಲೇ ಸುಮಾಳ ಕಣ್ಣಿಗೆ ಕೆಲವು ಸಂಗತಿಗಳು ಬಿದ್ದವು. ಎದುರಿಗಿಟ್ಟ ಸ್ಟೀಲ್ ಲೋಟವನ್ನು ಅತ್ತೆ ಬೂದು ನೆಲದ ಮೇಲೆ ತಡಕಾಡಿ ಹುಡುಕುತ್ತಿದ್ದಳು. ಬಿಳಿ ಬಟ್ಟೆಯ ಮೇಲಿನ ಬಿಳಿ ಗುಂಡಿ ಎಷ್ಟು ತೋರಿಸಿದರೂ ಕಾಣಲಿಲ್ಲ. ಆದರೆ ಅದೇ ಬಟ್ಟೆಯ ಮೇಲೆ ಕಪ್ಪು ಹುಕ್ಕೊಂದು ಬಿದ್ದಾಗ, “ಅಗೋ ಅಲ್ಲಿ, ಹುಕ್ಕು ಬಿತ್ತು ನೋಡು” ಎಂದು ತಾನೇ ಎತ್ತಿಕೊಟ್ಟಳು!

ಸುಮಾ ಹುಕ್ಕು ತೆಗೆದುಕೊಂಡಳು. ಮಿಷನ್ ನಿಲ್ಲಿಸಿ ಅತ್ತೆಯ ಪಕ್ಕ ಕುಳಿತಳು.

“ಅತ್ತೆಮ್ಮಾ... ನಿಮಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ, ಅಲ್ವಾ?”

“ಯಾವಳೇ ಹೇಳಿದ್ದು ನಿಂಗೆ? ನಂಗೆ ಹದ್ದಿನ ಕಣ್ಣು!” ಏಕನಾಥಮ್ಮ ಗದರಿದಳು. ಆದರೆ ಸುಮಾ ಮೆಲ್ಲನೆ ಅವಳ ಕೈ ಹಿಡಿದಾಗ, ಅಷ್ಟು ವರ್ಷ ಬೆಂಕಿಯಂತೆ ಉರಿದಿದ್ದ ಆ ಹೆಂಗಸು ಸೆರಗು ಬಾಯಿಗೊತ್ತಿಕೊಂಡು ಬಿಕ್ಕಿದಳು.

ಪಾದ ತೋರಿಸಲೆಂದು ಮನೆಯಲ್ಲಿ ಹೇಳಿ ಸುಮಾ ಅವಳನ್ನು ಚಿತ್ರದುರ್ಗದ ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ದಳು. ಕಣ್ಣೊಳಗಿನ ಒತ್ತಡ ಹೆಚ್ಚಿ ನರ ಸೊರಗಿದೆ ಎಂದರು ಡಾಕ್ಟರು. ಹೋದ ದೃಷ್ಟಿ ಮರಳದು. ಔಷಧಿಯ ಹನಿ ತಪ್ಪದೆ ಹಾಕಿದರೆ ಉಳಿದದ್ದನ್ನು ಆದಷ್ಟು ಕಾಲ ಕಾಪಾಡಬಹುದು. “ಒಂದೇ ಥರದ ಬಣ್ಣಗಳು ಇವರಿಗೆ ಕಲಸಿಹೋಗ್ತವಮ್ಮ. ಕಪ್ಪಿನ ಮೇಲೆ ಬಿಳಿ, ಬಿಳಿ ಮೇಲೆ ಕಪ್ಪು, ಅಂಥದ್ದು ಚೆನ್ನಾಗಿ ಕಾಣುತ್ತೆ. ಮನೇಲಿ ಬೀಳದ ಹಾಗೆ ನೋಡ್ಕೊಳ್ಳಿ” ಎಂದರು.

ಮರಳುವಾಗ ಬಸ್ಸಿನಲ್ಲಿ ಏಕನಾಥಮ್ಮ ಸೊಸೆಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

“ಸುಮಾ, ನನ್ನ ಮೇಲೆ ಆಣೆ ಮಾಡು. ಯಾರಿಗೂ ಹೇಳಬಾರ್ದು. ಕನಕಂಗೂ, ರೋಜಾಗೂ... ಯಾರಿಗೂ! ನಮ್ಮವ್ವಂಗೂ ಹಿಂಗೇ ಕಣ್ಣು ಹೋತು. ಕುರುಡಿ ಅಂತ ಒಲೆ ಮುಂದಿನಿಂದ ಎಬ್ಸಿ ಕುರಿ ಕೂಡೋ ರೊಪ್ಪದ ಪಕ್ಕ ಕೂರ್ಸಿದ್ರು. ಯಾರೂ ಒಂದು ಮಾತು ಕೇಳ್ತಿರ್ಲಿಲ್ಲ, ಒಂದು ಕೆಲಸ ಹೇಳ್ತಿರ್ಲಿಲ್ಲ... ಬದುಕಿದ್ದಂಗೇ ಸತ್ತಳು ಕಣೇ ಅವಳು!”

“ನನ್ನ ಬಾಯಿಂದ ಬರಲ್ಲ ಅತ್ತೆಮ್ಮ. ನಿಮಗೆ ಯಾವಾಗ ಹೇಳಬೇಕು ಅನ್ನಿಸ್ತೈತೋ ಆವಾಗ ನೀವೇ ಹೇಳ್ರಿ” ಎಂದಳು ಸುಮಾ.

ಬಸ್ಸಿನ ಕಿಟಕಿಯಾಚೆ ನೋಡುತ್ತಿದ್ದವಳಿಗೆ ತಟ್ಟನೆ ಬಚ್ಚಲು ಮನೆ ನೆನಪಾಯಿತು. ಬಿಳಿ ನೆಲ, ಬಿಳಿ ಗೋಡೆ, ಬಿಳಿ ಬಕೆಟ್ಟು, ಬಿಳಿ ಕಮೋಡು! ಅಯ್ಯೋ, ಅತ್ತೆ ದಿನವೂ ಒಂದು ಮಂಜಿನೊಳಗೆ ಹೋಗಿ ಸ್ನಾನ ಮಾಡಿ ಬರುತ್ತಿದ್ದಳಲ್ಲ! ನಾಳೆ ಅದು ನೀಲಿಯಾದರೆ ನೀಲಿ ಮಂಜು, ಅಷ್ಟೆ...

ಮರುದಿನವೇ ಸುಮಾ ಟೈಲ್ಸ್ ಅಂಗಡಿಯಲ್ಲಿದ್ದಳು. ಎತ್ತಿಟ್ಟಿದ್ದ ತಾವರೆಯ ಟೈಲ್ಸನ್ನು ಒಮ್ಮೆ ಕೈಯಾಡಿಸಿ ನೋಡಿದಳು. ಕಣ್ಣು ತುಂಬಿತು. ಒರೆಸಿಕೊಂಡು, “ಇದು ಬ್ಯಾಡ್ರಿ. ಕಪ್ಪು ಬಿಳಿ ತೋರ್ಸ್ರಿ” ಎಂದಳು.

ಆಮೇಲೆ ಅವಳಿಗೆ ಹಿಡಿದ ಹುರುಪನ್ನು ಏನೆಂದು ಹೇಳಲಿ! ಮಲ್ಮಲ್ ಬಟ್ಟೆಯ ತುಂಡೊಂದನ್ನು ಮಡಿಚಿ ಕಣ್ಣಿಗೆ ಕಟ್ಟಿಕೊಂಡು ಅಂಗಡಿಯ ತುಂಬಾ ಓಡಾಡಿದಳು. ಅಂಗಡಿಯ ಹನುಮಂತರಾಜು, “ಏನಮ್ಮ, ಕಣ್ಣಾಮುಚ್ಚಾಲೆನಾ?” ಎಂದು ನಕ್ಕ. ಮಸುಕಿನ ಆಚೆ ಹೊಳೆಯುವ ಕಪ್ಪು ಟೈಲ್ಸು ನೀರಿನಂತೆ ಮಿಂಚಿ ಮೋಸ ಮಾಡಿತು. ಹೊಳಪಿಲ್ಲದ, ತರಿತರಿಯಾದ ಕಪ್ಪಿನ ಮೇಲೆ ಇಟ್ಟ ಬಿಳಿ ಬಕೆಟ್ಟು ಮಾತ್ರ ಹುಣ್ಣಿಮೆ ಚಂದ್ರನ ಹಾಗೆ ಎದ್ದು ಬಂತು! “ಇದೇ! ಇದೇ ನೆಲಕ್ಕೆ!” ಎಂದು ಅವಳು ಕೂಗಿದ್ದಕ್ಕೆ ಅಂಗಡಿಗೆ ಬಂದವರೆಲ್ಲ ತಿರುಗಿ ನೋಡಿದರು.

“ನೀಲಿ ನೀಲಿ ಅಂತಿದ್ದೋಳು ಇದೇನೇ?” ಕನಕರಾಜ್ ಬೆರಗಾದ.

“ಈಗ ಇದೇ ಚಂದ ಅನ್ನಿಸ್ತೈತೆ ಕಣ್ರೀ. ಬಣ್ಣ ನಂದು ಅಂದಿದ್ರಲ್ಲ?”

“ಹಂಗಾದ್ರೆ ನೆಲಕ್ಕೆ ಒಂದು ಕಪ್ಪು ಒಂದು ಬಿಳಿ ಚೌಕ ಹಾಕ್ಸಾಣ. ಫೋನಲ್ಲಿ ನೋಡೀನಿ, ಭಾರಿ ಐತೆ!”

“ಬ್ಯಾಡ, ಬ್ಯಾಡ! ಚೌಕದಲ್ಲಿ ಕಾಲಿಡೋ ಜಾಗ ಗೊತ್ತಾಗಲ್ಲ” ಎಂದವಳು ನಾಲಿಗೆ ಕಚ್ಚಿಕೊಂಡಳು. “ಅಂದ್ರೆ... ಗಲೀಜು ಕಾಣ್ತೈತೆ.”

ಗಾರೆ ಕೆಲಸದ ದುರುಗಣ್ಣ ಬಂದ. ಹಳೆಯದೆಲ್ಲ ಕಿತ್ತುಹೋಯಿತು. ನೆಲಕ್ಕೆ ತರಿಯಾದ ಕಪ್ಪು, ಗೋಡೆಗೆ ಹಾಲಿನಂಥ ಬಿಳಿ. ಆ ಬಿಳಿಯ ಮೇಲೆ ಸೊಂಟದೆತ್ತರಕ್ಕೆ ಬಾಗಿಲಿನಿಂದ ನಲ್ಲಿಯ ತನಕ ಕಪ್ಪು ಪಟ್ಟಿ. ಹಿಡಿದು ನಿಲ್ಲಲು ಕಪ್ಪು ಕಂಬಿ, ಕಪ್ಪು ನಲ್ಲಿ, ಕಪ್ಪು ಸೋಪಿನ ಬಟ್ಟಲು. ಕಪ್ಪು ನೆಲದ ಮೇಲೆ ಬಿಳಿ ಕಮೋಡು. ಹೊಸ್ತಿಲಿಗೆ ಅಗಲವಾದ ಬಿಳಿ ಗೆರೆ. ಸುಮಾ ದಿನವೂ ಬಾಗಿಲಲ್ಲಿ ನಿಂತು, ಕಣ್ಣಿಗೆ ಮಲ್ಮಲ್ ಕಟ್ಟಿಕೊಂಡು, “ಇನ್ನೊಂಚೂರು ಮ್ಯಾಲೆ ದುರುಗಣ್ಣ!” ಎನ್ನುತ್ತಿದ್ದಳು. ಬಿಳಿ ಪರದೆಗೆ ಕಪ್ಪು ಅಂಚು ಹೊಲಿದಳು. ಕೊನೆಯ ಟೈಲ್ಸು ಕೂತ ದಿನ ಅವಳಿಗೆ ಊಟವೇ ಸೇರಲಿಲ್ಲ, ಅಷ್ಟು ಸಂಭ್ರಮ!

ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಬಂತು. ಸಂಜೆಗೆ ಬಚ್ಚಲು ಮನೆ ಸಿಂಗರಿಸಿ, ಹಂಡೆ ತೊಳೆದು, ಹೂವೇರಿಸಿ ನೀರು ತುಂಬಬೇಕು. ತಿಪ್ಪೇರುದ್ರಪ್ಪ ಯಲ್ಲದಕೆರೆಯಿಂದ ಚೀಲದ ತುಂಬ ಚೆಂಡುಹೂವು ತಂದ. ಮಧ್ಯಾಹ್ನದ ಬಸ್ಸಿಗೆ ಹೊಸದುರ್ಗದಿಂದ ರೋಜಾ ಇಳಿದಳು. ಕೈಕಾಲು ತೊಳೆಯಲು ಒಳಗೆ ಹೋದವಳು ಹಾವು ಕಂಡಂತೆ ಚೀರಿ ಹೊರಬಂದಳು.

“ಏನಿದು! ಹಬ್ಬದ ಹಂಡೆ ಇಡೋ ಜಾಗಕ್ಕೆ ಕರೀ ಬಣ್ಣ? ಅಪ್ಪ ಅವ್ವ ಗಟ್ಟಿಯಾಗಿರೋ ಮನೇಲಿ ಶನಿ ತಂದು ಕೂರ್ಸಿದ್ದೀಯಲ್ಲೇ ಸುಮಾ!”

“ಕರೀದು ಅಂದ್ರೆ ಕೆಟ್ಟದ್ದೇನವ್ವ?” ತಿಪ್ಪೇರುದ್ರಪ್ಪ ನಡುವೆ ಬಂದ. “ಬೀರಪ್ಪನ ಗದ್ದುಗೆಗೆ ಹಾಸೋ ಕಂಬಳಿ ಯಾವ ಬಣ್ಣ? ನೀನು ಮದ್ವೇಲಿ ಕುಂತಿದ್ದು ಕರೀ ಕಂಬಳಿ ಮ್ಯಾಲಲ್ವಾ?”

“ಕಂಬಳಿ ಬ್ಯಾರೆ, ಬಚ್ಚಲು ಬ್ಯಾರೆ ಅಪ್ಪಾ! ಇವಳು ಮೊದ್ಲು ನೀಲಿ ಆರ್ಸಿದ್ಲಂತೆ. ಅವ್ವ ಬಿದ್ದು ಕಾಲು ಸುಟ್ಕೊಂಡ ಮ್ಯಾಲೆ ಕಪ್ಪು ಬೇಕು ಅಂದ್ಲಂತೆ. ಯಾಕೆ? ಕತ್ಲೇಲಿ ಅವ್ವ ಇನ್ನೊಂದು ಸಲ ಬೀಳ್ಲಿ ಅಂತಾನೇ?”

“ಅತ್ತಿಗೇ!” ಸುಮಾ ಕಿವಿ ಮುಚ್ಚಿಕೊಂಡಳು. “ಅಂಥ ಮಾತಾಡಬ್ಯಾಡ್ರಿ... ನಿಮ್ಮ ಕೈ ಮುಗೀತೀನಿ...”

“ಹಂಗಾದ್ರೆ ಕಾರಣ ಹೇಳೇ!”

ಕನಕರಾಜನಿಗೂ ಅಕ್ಕನ ಮಾತು ತಲೆಗೇರಿತ್ತು. “ಹೇಳು ಸುಮಾ! ನಾನೂ ಕೇಳ್ದಾಗೆಲ್ಲ ಚಂದ ಚಂದ ಅಂತ ತಪ್ಪಿಸ್ಕೊಂಡೆ. ಇವತ್ತು ಕಾರಣ ಹೇಳ್ದಿದ್ರೆ ಹಬ್ಬ ಆದ ತಕ್ಷಣ ದುರುಗಣ್ಣನ್ನ ಕರ್ಸಿ ಎಲ್ಲಾ ಕಿತ್ತಾಕಿಸ್ತೀನಿ!”

ಸುಮಾ ಅತ್ತೆಯತ್ತ ನೋಡಿದಳು. ಏಕನಾಥಮ್ಮ ತಲೆ ತಗ್ಗಿಸಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತಿದ್ದಳು. ಒಂದು ಮಾತು... ಒಂದೇ ಮಾತು ಸಾಕಿತ್ತು ಸುಮಾ ಆ ಅಪವಾದದಿಂದ ಪಾರಾಗಲು! ಆದರೆ ಬಸ್ಸಿನಲ್ಲಿ ತನ್ನನ್ನು ಬಿಗಿಯಾಗಿ ಹಿಡಿದಿದ್ದ ಆ ಕೈಯನ್ನು ಅವಳು ಹೇಗೆ ಮರೆತಾಳು?

“ಕಿತ್ತಾಕಿಸ್ರಿ” ಎಂದಳು ಅಳು ನುಂಗಿ. “ಬೈರಿ, ಹೊಡೀರಿ... ಕಾರಣ ಮಾತ್ರ ಕೇಳಬ್ಯಾಡ್ರಿ.”

ಏಕನಾಥಮ್ಮ ಮೆಲ್ಲನೆ ಎದ್ದಳು. “ರಂಗೋಲಿ ಡಬ್ಬಿ ಎಲ್ಲೈತೆ?” ಎಂದಳು.

“ಅವ್ವಾ, ನೀನು ರಂಗೋಲಿ ಹಾಕೋದು ಬಿಟ್ಟು ಎಷ್ಟು ವರ್ಷ ಆತು? ಮಂಡಿ ನೋವು ಅಂತಿದ್ದೆ...” ಎಂದಳು ರೋಜಾ.

“ಡಬ್ಬಿ ಕೊಡ್ರೇ ಅಂದ್ರೆ!”

ಸುಮಾ ಕೊಟ್ಟಳು. ಏಕನಾಥಮ್ಮ ಡಬ್ಬಿ ಹಿಡಿದು ಯಾರ ಆಸರೆಯೂ ಇಲ್ಲದೆ ನಡೆದು, ಬಿಳಿ ಗೆರೆಯ ಹೊಸ್ತಿಲು ದಾಟಿದಳು. ಕಪ್ಪು ಪಟ್ಟಿಯ ಗುಂಟ ಹೋಗಿ ಹಂಡೆ ಇಡುವ ಮೂಲೆಯಲ್ಲಿ ಕುಳಿತಳು. ತುಸು ಹೊತ್ತಿನ ಮೇಲೆ ಒಳಗಿನಿಂದ ಕೇಳಿ ಬಂದದ್ದು ಅಳುವೋ ನಗುವೋ ತಿಳಿಯದಂಥ ಕೂಗು.

“ಸುಮಾ! ಸುಮಾ, ಬಾರೇ ಇಲ್ಲಿ! ಕಾಣ್ತೈತೆ ಕಣೇ... ಎಳೆ ಎಳೆನೂ ಕಾಣ್ತೈತೆ!”

ಎಲ್ಲರೂ ನುಗ್ಗಿದರು. ಕಪ್ಪು ನೆಲದ ಮೇಲೆ ಅಚ್ಚ ಬಿಳಿಯ ದೊಡ್ಡ ರಂಗೋಲಿ! ಗೆರೆ ಅಲ್ಲಲ್ಲಿ ಅಂಕುಡೊಂಕಾಗಿತ್ತು. ಆದರೆ ತೊಟ್ಟಿಲು ಬಳ್ಳಿಯ ಚಿತ್ತಾರದ ಒಂದು ಸುತ್ತೂ ತಪ್ಪಿರಲಿಲ್ಲ. ನಡುವೆ ಕುಳಿತಿದ್ದ ಏಕನಾಥಮ್ಮನ ಕೆನ್ನೆಯ ಮೇಲೆ ಕಣ್ಣೀರು ಧಾರೆಯಾಗಿತ್ತು.

“ಎಲ್ಲಾ ಕೇಳ್ರಿ” ಎಂದಳು ಅವಳು. “ನನ್ನ ಕಣ್ಣು ಹೋಗ್ತಾ ಅವೆ. ಕನಕಾ, ಆವತ್ತು ಬಕೀಟು ದಾರೀಲಿರ್ಲಿಲ್ಲ, ನಂಗೇ ಕಾಣ್ಲಿಲ್ಲ. ತಪ್ಪು ಇವಳ ತಲೆಗೆ ಕಟ್ಟಿದೆ. ಡಾಕ್ಟ್ರ ಹತ್ರ ಕರ್ಕೊಂಡು ಹೋದವಳೂ ಇವಳೇ, ದಿನಾ ಔಷಧಿ ಬಿಡೋಳೂ ಇವಳೇ. ನಂಗೆ ಕಾಣ್ಲಿ ಅಂತ ತನ್ನಾಸೆ ನೀಲೀನ ಬಿಟ್ಳು... ಯಾರಿಗೂ ಹೇಳಬ್ಯಾಡ ಅಂತ ಆಣೆ ಹಾಕ್ಸಿದ್ದೆ. ಈಗ ನೀವು ಬಾಯಿಗೆ ಬಂದಂಗೆ ಅಂತಿದ್ರೂ ತುಟಿ ಬಿಚ್ಚಲಿಲ್ಲವಲ್ಲಪ್ಪಾ!”

“ಅವ್ವಾ...!” ಕನಕರಾಜ್ ತಾಯಿಯ ಪಾದದ ಬಳಿ ಕುಸಿದ. ರೋಜಾಳ ಮುಖ ಬಿಳಿಚಿಕೊಂಡಿತು. ಅವಳು ತಿರುಗಿ ಸುಮಾಳನ್ನು ತಬ್ಬಿಕೊಂಡಳು.

“ನನ್ನ ನಾಲಿಗೆಗೆ ಬೆಂಕಿ ಹಾಕ! ಏನೇನಂದೆ ನಾನು... ನನ್ನವ್ವನ ಕಣ್ಣು ಹೋಗ್ತಿರೋದು ನಂಗೇ ಗೊತ್ತಾಗ್ಲಿಲ್ಲವಲ್ಲೇ!”

“ಗೊತ್ತಾಗದಂಗೆ ಅತ್ತೆಮ್ಮನೇ ನೋಡ್ಕೊಂಡಿದ್ರು ಅತ್ತಿಗೆ. ಅಳಬ್ಯಾಡ್ರಿ, ಹಬ್ಬ ಐತೆ. ಹೂವು ಕಟ್ಟಾಣ ಬರ್ರಿ.”

ಆಮೇಲೆ ಆ ಪುಟ್ಟ ಕೋಣೆಯಲ್ಲಿ ಎಂಥ ಗದ್ದಲ! ತಿಪ್ಪೇರುದ್ರಪ್ಪ ತಾಮ್ರದ ಹಂಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದ. ರೋಜಾ ಕಂಬಿಯುದ್ದಕ್ಕೂ ಚೆಂಡುಹೂವಿನ ಮಾಲೆ ಸುತ್ತಿದಳು. ಕಪ್ಪು ಬಿಳುಪಿನ ನಡುವೆ ಆ ಹಳದಿ ಹೂವುಗಳು ದೀಪ ಹಚ್ಚಿದಂತೆ ಉರಿದವು. ಕನಕರಾಜ್ ಕೊಡ ಕೊಡ ನೀರು ಹೊತ್ತು ತಂದು ಹಂಡೆಗೆ ಸುರಿದ. “ರಂಗೋಲಿ ತುಳೀಬ್ಯಾಡ್ರೋ!” ಎಂದು ಏಕನಾಥಮ್ಮ ಎಲ್ಲರನ್ನೂ ಗದರುತ್ತಲೇ ಇದ್ದಳು. ಆ ಗದರಿಕೆಗೆ ಎಲ್ಲರೂ ನಕ್ಕರು.

ಮರುದಿನ ನಸುಕಿನಲ್ಲಿ ಹಂಡೆಯ ನೀರು ಕಾದು ಹಬೆಯಾಡುತ್ತಿತ್ತು. ಎಣ್ಣೆ ಬಟ್ಟಲು ಹಿಡಿದು ಬಂದ ಸುಮಾ, “ಬರ್ರಿ ಅತ್ತೆಮ್ಮ, ಕುಂತ್ಕಳ್ರಿ, ತಲೆಗೆ ಎಣ್ಣೆ ಹಚ್ತೀನಿ” ಎಂದಳು.

“ಮೊದ್ಲು ನೀನು ಕುಂತ್ಕ” ಎಂದಳು ಏಕನಾಥಮ್ಮ.

“ಅಯ್ಯೋ, ಹಿರಿಯರು ನೀವು...”

“ಕುಂತ್ಕ ಅಂದೆ!”

ಸುಮಾ ಮಣೆಯ ಮೇಲೆ ಕುಳಿತಳು. ಏಕನಾಥಮ್ಮ ಬಟ್ಟಲಿನ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡು ಸೊಸೆಯ ನೆತ್ತಿಗೆ ಒತ್ತಿದಳು. ಮದುವೆಯಾಗಿ ಬಂದಂದಿನಿಂದ ಆ ಕೈ ಇವಳ ತಲೆಯನ್ನು ಮುಟ್ಟಿರಲೇ ಇಲ್ಲ. ಬೆರಳುಗಳು ಕೂದಲೊಳಗೆ ನಿಧಾನವಾಗಿ ಆಡಿದವು. ಹಣೆ, ಕಣ್ಣಿನ ರೆಪ್ಪೆ, ಮೂಗು, ಗಲ್ಲ ಎಲ್ಲವನ್ನೂ ಸವರಿ ನೋಡಿದವು.

“ಇದೇನು ಅತ್ತೆಮ್ಮ?” ಎಂದಳು ಸುಮಾ.

“ನಿನ್ನ ಮುಖ ನೋಡ್ತಿದೀನಿ” ಎಂದಳು ಏಕನಾಥಮ್ಮ. “ಬೆಳಕಿದ್ದಾಗ ಬರೀ ಸಿಡುಕಿದೆ, ನೆಟ್ಟಗೆ ಒಂದು ದಿನ ನೋಡ್ಲಿಲ್ಲ. ಇರೋ ಬೆಳಕೂ ಒಂದಿನ ಹೋಗ್ತೈತೆ. ಹೋಗ್ಲಿ ಬಿಡು. ಕೈಗಾದ್ರೂ ನೆನಪಿರ್ಲಿ... ಕಣ್ಣು ಮುಚ್ಕ ಮಗಳೇ, ನೀರು ಹಾಕ್ತೀನಿ.”